ಅಣ್ಣ ಬಿಟ್ಟ ಗುಟುಕು

ಸತ್ತವರ ಒಂದು ರೂಢಿ ಮನೆಯಲ್ಲಿ ಯಾರಿಗಾದರೂ ಅಂಟಿಕೊಳ್ಳುತ್ತದೆ. ಯಾವುದು, ಯಾರಿಗೆ ಎಂದು ಆರಿಸುವ ಹಾಗಿಲ್ಲ. ಸಾವಿನ ಮನೆಗೆ ಮಾತಾಡಿಸಲು ಬಂದವರೆಲ್ಲ, "ಯಾರಿಗೆ ಏನ್ ಬಂತವಾ?" ಎಂದು ಕೇಳಿಯೇ ಕೂರುತ್ತಾರೆ. ಪಕ್ಕದ ಮನೆಯ ನೀಲಮ್ಮನಿಗೆ ಗಂಡ ಗುನುಗುತ್ತಿದ್ದ ಹಾಡು ಬಂತು. ಲಾರಿಗೆ ಸಿಕ್ಕು ಹೋದ ಅಣ್ಣ ಗುರುಸಿದ್ದನಿಂದ ನನಗೆ ಬಂದದ್ದು, ಚಹಾದ ಕೊನೆಯ ಗುಟುಕನ್ನು ಕಪ್ಪಿನಲ್ಲೇ ಬಿಡುವ ಹಾಳು ಚಟ!

ಅವನ ನಗು ಬರಬಾರದಿತ್ತೇ? ದಿನಾ ಬೆಳಿಗ್ಗೆ ನನ್ನ ಕೈ ತಾನಾಗಿಯೇ ಕಪ್ಪನ್ನು ಕೆಳಗಿಡುತ್ತಿತ್ತು. ಅವ್ವ ಆ ಗುಟುಕನ್ನು ಕರಿಬೇವಿನ ಕುಂಡಕ್ಕೆ ಸುರಿಯುತ್ತ, "ಗುರು, ಮತ್ತ ಬಿಟ್ಟೀಯೇನೋ?" ಎಂದು ಅವನನ್ನೇ ಬೈಯುತ್ತಿದ್ದಳು. ಎದುರಿಗೇ ಕೂತ ನಾನು ಅವಳಿಗೆ ಕಾಣುತ್ತಲೇ ಇರಲಿಲ್ಲ.

ಇವತ್ತು ರೇಗಿಹೋಯಿತು. ಎರಡೂ ಕೈಯಿಂದ ಕಪ್ಪನ್ನು ಹಿಡಿದು, ಬಲವಂತವಾಗಿ ಬಾಯಿಗೆ ತಂದು, ತಳದ ಪುಡಿ ಸಮೇತ ಕುಡಿದುಬಿಟ್ಟೆ. ಒಮ್ಮೆ ತಪ್ಪಿಸಿದರೆ ಆ ರೂಢಿ ಮತ್ತೆ ಬರುವುದಿಲ್ಲ. ಗೊತ್ತಿದ್ದೇ ಕುಡಿದೆ.

ಅವ್ವ ಕಪ್ಪನ್ನು ಕುಂಡದ ಮೇಲೆ ಬೋರಲು ಹಿಡಿದಳು. ಏನೂ ಬೀಳಲಿಲ್ಲ. ಕೊಡವಿ ನೋಡಿದಳು. ಆಮೇಲೆ ಅಲ್ಲೇ ಕುಸಿದು ಕೂತಳು.

ಈಗ ನನ್ನ ಮೇಲೆಯೇ ಸಿಟ್ಟು ಬಂತು. "ಇನ್ನೊಂದ್ ಕಪ್ ಕೊಡವ್ವ," ಎಂದೆ. "ಈ ಸಲ ಬಿಡ್ತೀನಿ."

ಅಣ್ಣ ಹೋದಮೇಲೆ ಮೊದಲ ಸಲ ಅವ್ವ ನನ್ನ ಮುಖ ನೋಡಿದಳು.

"ಬ್ಯಾಡ, ಶಿವಲೀಲಾ," ಎಂದಳು. "ನೀ ಬಿಟ್ರ ಅದು ನಿಂದಾಗ್ತೈತಿ. ಅವಂದಲ್ಲ."