ಗುಲಾಬಿ ಮಾತ್ರೆ

"ನಾಲ್ಕು ದಿನ ನೋಡೋಣ ಅಂತೀಯಲ್ಲ, ನೋಡೋಕೆ ನನಗೂ ಎರಡು ಕಣ್ಣಿವೆ ಮಗಳೇ. ಅದಕ್ಕೆ ನಿನ್ನ ಹತ್ತಿರ ಯಾಕೆ ಬರಬೇಕು?"

ಟೇಲರಜ್ಜಿ ಮೇಜಿನ ಮೇಲೆ ಬುಟ್ಟಿ ಇಟ್ಟು, ದಾವೆ ಹೂಡಲು ಬಂದವಳ ಹಾಗೆ ನಿಂತಿದ್ದಳು. ಕೊರಳಲ್ಲಿ ಅಳತೆ ಟೇಪು ಇನ್ನೂ ಹಾಗೇ ನೇತಾಡುತ್ತಿತ್ತು. ಬುಟ್ಟಿಯೊಳಗೆ, ಚೂರುಬಟ್ಟೆಗಳಲ್ಲಿ ಅವಳೇ ಹೊಲಿದ ನೆರಿಗೆ ಅಂಚಿನ ದಿಂಬಿನ ಮೇಲೆ, ಅವಳ ಬೆಕ್ಕು ಗುಂಡಿ. ಅಂಗಿಯ ಗುಂಡಿಯಂಥ ಕಣ್ಣಿಗಾಗಿ ಇಟ್ಟ ಹೆಸರು. ಈಗ ಆ ಕಣ್ಣಲ್ಲಿ ನೀರು, ಮಾತಿಗೊಂದು ಸೀನು.

ಚಿಕ್ಕ ಡಾಕ್ಟರು ಮತ್ತೊಮ್ಮೆ ಬೆಕ್ಕಿನ ಎದೆಗೆ ಸ್ಟೆತಾಸ್ಕೋಪ್ ಹಿಡಿದಳು. ದೊಡ್ಡ ಡಾಕ್ಟರು ನಿವೃತ್ತರಾಗಿ ಈ ಪ್ರಾಣಿಗಳ ಕ್ಲಿನಿಕ್ಕು ಅವಳ ಕೈಗೆ ಬಂದು ಎರಡು ತಿಂಗಳಾಗಿತ್ತು. ಬಾಗಿಲ ಬೋರ್ಡಿನಲ್ಲಿ ಹೆಸರು ಬದಲಾಗಿತ್ತು; ಜನರ ಬಾಯಲ್ಲಿ ಆಗಿರಲಿಲ್ಲ. ಎದೆಯಲ್ಲಿ ಗೊರಗೊರ ಸದ್ದಿಲ್ಲ, ಜ್ವರವೂ ಇಲ್ಲ.

"ಇದು ಬರೀ ನೆಗಡಿ ಅಜ್ಜಿ, ವೈರಸ್ಸು. ನೀವು ಕೇಳೋ ಆ್ಯಂಟಿಬಯಾಟಿಕ್ ಮಾತ್ರೆ ಇದನ್ನ ಮುಟ್ಟೋದೂ ಇಲ್ಲ. ಬೆಚ್ಚಗಿಡಿ, ಕಣ್ಣು ಒರೆಸ್ತಿರಿ. ಊಟ ಬಿಟ್ಟರೆ ಆ ಕ್ಷಣ ಎತ್ಕೊಂಡು ಬನ್ನಿ."

"ಊಟಕ್ಕೇನು, ನನ್ನ ಪಾಲಿಂದೂ ತಿನ್ನುತ್ತೆ. ಹೋದ ಸಲಾನೂ ಥೇಟ್ ಹೀಗೇ ಆಗಿತ್ತು. ದೊಡ್ಡ ಡಾಕ್ಟರು ಒಂದು ಮಾತಾಡಲಿಲ್ಲ, ಗುಲಾಬಿ ಮಾತ್ರೆ ಬರೆದ್ರು. ಬೆಳಿಗ್ಗೆ ಅರ್ಧ, ಸಂಜೆ ಅರ್ಧ, ಐದು ದಿನ. ಈ ದಿಂಬಿನ ಮೇಲೇ ಕೂರಿಸಿ, ಬಾಯಿಗೆ ಹಾಕಿ, ಗಂಟಲು ಸವರಿದೆ. ಒಂದು ಹೊತ್ತೂ ತಪ್ಪಿಸಲಿಲ್ಲ. ಮೂರನೇ ದಿನಕ್ಕೆ ಪರದೆ ಹತ್ತಿ ಕೂತಿತ್ತು."

"ಬೇಡದಾಗ ಕೊಟ್ಟು ರೂಢಿ ಮಾಡಿದ್ರೆ, ಬೇಕಾದಾಗ ಅದು ಕೆಲಸ ಮಾಡಲ್ಲ."

"ಬೇಕಾದಾಗ ಬೇರೆ ಬಣ್ಣದ್ದು ಕೊಡು."

ಹೊರಗೆ ಬೆಂಚಿನ ಬಳಿ ಮೂರು ನಾಯಿಗಳು ಒಂದಕ್ಕೊಂದು ಗುರ್ ಎನ್ನುತ್ತಿದ್ದವು. ಅಜ್ಜಿಯ ದನಿ ಇದ್ದಕ್ಕಿದ್ದಂತೆ ಇಳಿಯಿತು. "ಇದಕ್ಕೇನಾದ್ರೂ ಆದ್ರೆ ನನ್ನ ಮಿಷನ್ನು ತಿರುಗಲ್ಲ ಕಣೇ."

ಅಲ್ಲಿಗೆ ಚಿಕ್ಕ ಡಾಕ್ಟರ ಗಟ್ಟಿತನ ಸಡಿಲವಾಯಿತು. ಇವಳ ಶಾಲೆಯ ಮೊದಲ ಅಂಗಿಗೆ, ವರ್ಷವರ್ಷ ಬಿಚ್ಚಿ ಉದ್ದ ಮಾಡಲೆಂದು ನಾಲ್ಕು ಬೆರಳು ಮಡಿಕೆ ಇಟ್ಟು ಹೊಲಿದ ಕೈ ಅದು. ನಾಳೆ ನೆಗಡಿ ಎದೆಗಿಳಿದರೆ? ದೊಡ್ಡ ಡಾಕ್ಟರಿದ್ದಿದ್ದರೆ ಉಳಿಸುತ್ತಿದ್ದರು ಎಂದು ಬೀದಿಯೆಲ್ಲ ಆಡಿಕೊಳ್ಳುತ್ತದೆ. ಅವಳು ಪ್ಯಾಡ್ ಎಳೆದುಕೊಂಡು ಮಾತ್ರೆಯ ಹೆಸರು ಬರೆದೇಬಿಟ್ಟಳು. ಎಷ್ಟು ಎಂದು ಬರೆಯಲು ತೂಕ ನೋಡಬೇಕಿತ್ತು.

ತೂಕದ ಯಂತ್ರ ಪಕ್ಕದಲ್ಲೇ ಇತ್ತು. ಗುಂಡಿಯನ್ನು ಎತ್ತಿದರೆ ಅದು ದಿಂಬಿಗೆ ಉಗುರು ಹಾಕಿ ದಿಂಬನ್ನೂ ಜತೆಗೆ ಎತ್ತಿತು. ಉಗುರು ಬಿಡಿಸಲು ಹೋಗಿ ದಿಂಬು ತಲೆಕೆಳಗಾಯಿತು. ನೆರಿಗೆಯ ಸಂದಿಯಿಂದ ಟಪ್, ಟಪ್, ಟಪಟಪ ಎಂದು ಏನೋ ಯಂತ್ರದ ತಟ್ಟೆಯ ಮೇಲೆ ಉದುರಿತು.

ಇಬ್ಬರೂ ಬಗ್ಗಿದರು. ಗುಲಾಬಿ ಬಣ್ಣದ ಅರ್ಧ ಮಾತ್ರೆಗಳು. ಅಂಚು ನೆಕ್ಕಿಸಿಕೊಂಡು ಒಣಗಿದ್ದವು, ಒಂದೊಂದಕ್ಕೂ ಬೆಕ್ಕಿನ ಕೂದಲು ಅಂಟಿತ್ತು.

"ಗಂಟಲು ಸವರುವಾಗ ಕಣ್ಣು ಮುಚ್ಕೊಂಡು ಕೂರ್ತಿತ್ತು," ಎಂದಳು ಅಜ್ಜಿ. "ನಾನು ಎಷ್ಟು ಒಳ್ಳೇದು ಅಂದ್ಕೊಂಡಿದ್ದೆ."

"ಮೂರನೇ ದಿನಕ್ಕೆ ಪರದೆ ಹತ್ತಿತ್ತು ಅಂದ್ರಲ್ಲ ಅಜ್ಜಿ."

ಅಜ್ಜಿ ಕನ್ನಡಕ ಸರಿಮಾಡಿಕೊಂಡು ಒಂದೊಂದನ್ನೇ ಬೆರಳಿಂದ ಸರಿಸಿ ಎಣಿಸಿದಳು. ಮುಖ ಅರಳಿತು.

"ಒಂಬತ್ತೇ ಇರೋದು. ನಾನು ಹಾಕಿದ್ದು ಹತ್ತು. ಒಂದು ನುಂಗಿದೆ ನೋಡು. ವಾಸಿಯಾಗಿದ್ದು ಆ ಒಂದರಿಂದ."

"ಹಾಗಾದ್ರೆ ಈ ಸಲಾನೂ ಒಂದೇ ಅರ್ಧ ಬರೀಲಾ?"

"ಬರಿ. ಅಷ್ಟು ಸಾಕು ನನ್ನ ಗುಂಡಿಗೆ."

ಚಿಕ್ಕ ಡಾಕ್ಟರು ನಗು ನುಂಗಿಕೊಂಡು ಪೆನ್ನು ಎತ್ತಿದಳು. ಅಜ್ಜಿ ದಿಂಬನ್ನು ಬುಟ್ಟಿಗೆ ಹಾಕುವ ಮುಂಚೆ, ಹೊಲಿದ ಬಟ್ಟೆಯ ದಾರ ಕೊಡವುವ ರೂಢಿಯಲ್ಲಿ, ಒಮ್ಮೆ ಝಾಡಿಸಿದಳು. ಟಪ್. ಅವಳ ಚಪ್ಪಲಿಯ ಮುಂದೆಯೇ ಬಿತ್ತು.

ಅಜ್ಜಿ ಅದನ್ನು ನೋಡಿದಳು, ಬೆಕ್ಕನ್ನು ನೋಡಿದಳು. ಆಮೇಲೆ ಬಗ್ಗಿ ಎತ್ತಿಕೊಂಡು, ಮಾತ್ರೆಯ ಹೆಸರು ಬರೆದಿದ್ದ ಹಾಳೆಯನ್ನು ಪ್ಯಾಡಿನಿಂದ ತಾನೇ ಹರಿದು, ಹತ್ತನೆಯ ಅರ್ಧವನ್ನು ಅದರಲ್ಲಿ ಅಚ್ಚುಕಟ್ಟಾಗಿ ಮಡಿಚಿ ಕಸದ ಡಬ್ಬಿಗೆ ಹಾಕಿದಳು.