ಡಾಕ್ಟರ ಡ್ರಾಯರಿನ ಪುಸ್ತಕ

“ಒಂದೂ ಸತ್ತಿಲ್ವಾ?” ಪರಿಶೀಲಕಿ ವರದಿಯಿಂದ ತಲೆಯೆತ್ತದೆ ಕೇಳಿದಳು. ಗಾಯಗೊಂಡ ಹಕ್ಕಿಗಳನ್ನು ಆರೈಕೆ ಮಾಡಿ ಹಾರಿಬಿಡುವ ಈ ಸಂಸ್ಥೆಗೆ ನೆರವು ಮುಂದುವರಿಸಬಹುದೇ ಎಂದು ಅವಳು ಸಂಜೆಯೊಳಗೆ ದಾನಿಗಳಿಗೆ ತಿಳಿಸಬೇಕಿತ್ತು. ವರದಿಯ ಪ್ರಕಾರ ವರ್ಷದಲ್ಲಿ ಬಂದ ಹಕ್ಕಿಗಳು ಇನ್ನೂರ ಹನ್ನೊಂದು, ಹಾರಿಹೋದವೂ ಅಷ್ಟೇ. ಯಾರೂ ಸಾಯದ ಆಸ್ಪತ್ರೆಯನ್ನು ಅವಳು ಇದುವರೆಗೆ ಕಂಡಿರಲಿಲ್ಲ.

“ಒಂದೂ ಇಲ್ಲ ಮೇಡಂ. ನಮ್ಮ ಡಾಕ್ಟರ ಕೈಗುಣ ಹಾಗಿದೆ,” ಎಂದರು ಕಾರ್ಯದರ್ಶಿ.

ಪಕ್ಕದ ಮೇಜಿನಲ್ಲಿ ಗೂಬೆಯ ರೆಕ್ಕೆಗೆ ಪಟ್ಟಿ ಸುತ್ತುತ್ತಿದ್ದ ವೈದ್ಯೆಯ ಕೈ ನಿಂತಿತು. “ಹಾಗಿದ್ರೆ ಯಮ ಕೆಲಸ ಬಿಟ್ಟು ಮನೇಲಿ ಕೂತಿರ್ಬೇಕು ಸಾರ್,” ಎಂದವರೇ ಡ್ರಾಯರ್ ಎಳೆದು, ಮೂಲೆ ಮಡಿಚಿದ ನೋಟ್‌ಪುಸ್ತಕವೊಂದನ್ನು ಪರಿಶೀಲಕಿಯ ಮುಂದಿಟ್ಟರು. “ಸತ್ತಿದ್ದು ಎಂಬತ್ಮೂರು. ಯಾವ್ದು, ಯಾವತ್ತು, ನಾನೆಲ್ಲಿ ಎಡವಿದೆ, ಎಲ್ಲಾ ಇದೆ.”

“ಅಮ್ಮಾ ತಾಯಿ, ನಮ್ಮ ಅನ್ನಕ್ಕೇ ಕಲ್ಲು ಹಾಕಿದ್ರಲ್ಲ!” ಕಾರ್ಯದರ್ಶಿ ಕುರ್ಚಿಯಲ್ಲಿ ಕುಸಿದರು.

ಪರಿಶೀಲಕಿ ಓದಿದಳು: ‘ಮಾರ್ಚ್ ನಾಲ್ಕು. ಮಿಂಚುಳ್ಳಿ. ಅರಿವಳಿಕೆ ಹೆಚ್ಚಾಯಿತು. ತಪ್ಪು ನನ್ನದು. ಇನ್ನು ಮುಂದೆ ಅರ್ಧ ಪ್ರಮಾಣ.’ ಅಲ್ಲಿಂದ ವರ್ಷದ ಕೊನೆಯವರೆಗೂ ಒಂದೊಂದೇ ಪುಟ ತಿರುವಿದಳು. ಸತ್ತವುಗಳ ಪಟ್ಟಿಯಲ್ಲಿ ಮತ್ತೊಂದು ಮಿಂಚುಳ್ಳಿ ಸಿಗಲಿಲ್ಲ.

“ನೆರವು ನಿಂತ್ಹೋಗುತ್ತಾ ಮೇಡಂ?” ಕಾರ್ಯದರ್ಶಿಯ ದನಿ ಇಳಿದಿತ್ತು.

ಅವಳು ಬಣ್ಣದ ವರದಿಯನ್ನು ಮಡಿಚಿ ಅವರ ಕೈಗೆ ವಾಪಸು ಕೊಟ್ಟಳು. “ಮುಂದುವರಿಸಿ ಅಂತಾನೇ ಬರೀತೀನಿ. ಮುಂದಿನ ವರ್ಷದ ವರದಿ ಮಾತ್ರ ಡಾಕ್ಟರೇ ಬರೀಲಿ.”