ಪಟ್ಟೆ ಬಳಿದ ಕಂಬಳಿ

ಗೇಟಿಗೆ ಬಳಿಯಲು ಪೇಂಟ್ ಡಬ್ಬಿ ತೆರೆದರೆ ಇವತ್ತಿಗೂ ನನಗೆ ಅದರ ಜೊತೆ ಕುರಿ ಉಣ್ಣೆಯ ವಾಸನೆ ಬರುತ್ತದೆ.

ನಾನು ಚಿಕ್ಕವಳಿದ್ದಾಗ ಒಂದು ಡಿಸೆಂಬರ್‌ನಲ್ಲಿ ಶಿಕಾರಿಪುರದ ನಮ್ಮ ಕಾನ್ವೆಂಟ್ ಶಾಲೆಯಲ್ಲಿ ಸಿಸ್ಟರ್ ಒಂದು ಸಿನಿಮಾ ತೋರಿಸಿದರು. ಮೆಕ್ಸಿಕೋ ದೇಶದ್ದಂತೆ. ಯೇಸು ಹುಟ್ಟಿದ ಸುದ್ದಿ ಕೇಳಿ ಕುರಿ ಕಾಯುವವರು ಗಿಟಾರ್ ಬಾರಿಸುತ್ತ, ಹಾಡುತ್ತ ನೋಡಲು ಹೊರಡುತ್ತಾರೆ. ಅವರ ಹೆಗಲ ಮೇಲೆ ಕೆಂಪು, ಹಳದಿ ಪಟ್ಟೆಯ ಕಂಬಳಿಗಳು. ಅದನ್ನೇ ನಾಟಕ ಮಾಡಿಸಿದಾಗ ನನಗೂ ಕುರಿ ಕಾಯುವವಳ ಪಾತ್ರ ಸಿಕ್ಕಿತು.

ನಮ್ಮ ಕೊಯ್ದ ಗದ್ದೆಯಲ್ಲಿ ಗೊಬ್ಬರಕ್ಕೆಂದು ಕುರಿ ನಿಲ್ಲಿಸಿದ್ದರು. ನಾಟಕಕ್ಕೆ ಕಂಬಳಿ ಬೇಕೆಂದು ಕೇಳಿದ ಕೂಡಲೇ ಆ ಕುರಿ ಕಾಯುವ ಅಜ್ಜ ಹೆಗಲಿಂದ ತನ್ನ ಕರಿ ಕಂಬಳಿ ತೆಗೆದುಕೊಟ್ಟ.

“ಕುಣಿದು ಬಾ ತಂಗಿ. ನಾಡಿದ್ದು ಹಿಂಡು ಸೊರಬದ ಕಡೆ ಹೋಗ್ತೈತಿ, ಅಷ್ಟರಾಗೆ ಕೊಡು.”

ಬರೀ ಕರಿ ಕಂಬಳಿ ನನಗೆ ಸಪ್ಪೆ ಕಂಡಿತು. ಬಾಗಿಲಿಗೆಂದು ತಂದಿದ್ದ ಪೇಂಟಿನಿಂದ ಅದರ ಮೇಲೆ ಪಟ್ಟೆ ಎಳೆದೆ. ನಾಟಕದ ದಿನ ಎಲ್ಲರೂ ಚಪ್ಪಾಳೆ ತಟ್ಟಿದರು. ಮನೆಗೆ ಬರುವಷ್ಟರಲ್ಲಿ ಕಂಬಳಿ ಹಲಗೆಯಂತೆ ಸೆಟೆದುಕೊಂಡಿತ್ತು. ಮಂಚದ ಕೆಳಗೆ ತುರುಕಿದೆ.

ಮರುದಿನ ಮಧ್ಯಾಹ್ನ ಅಜ್ಜನ ಹೆಂಡತಿ ಕಂಬಳಿ ಕೇಳಿಕೊಂಡು ಅಂಗಳಕ್ಕೆ ಬಂದಳು.

“ನಿನ್ನೆನೇ ಅಜ್ಜನ ಕೈಗೇ ಕೊಟ್ಟೆ,” ಅಂದೆ.

“ನಮ್ಮ ಹುಡುಗಿ ಸುಳ್ಳು ಹೇಳಲ್ಲಮ್ಮ,” ಅಂದಳು ಅವ್ವ.

“ಇಲ್ರೀ ಅವ್ವಾರೆ, ಮುದುಕಂಗೆ ಮರವು ಜಾಸ್ತಿ. ಎಲ್ಲೋ ಹಾಕಿರ್ತಾನೆ,” ಎಂದು ಅವಳು ಹೋದಳು.

ಕಿಟಕಿಯಿಂದ ನೋಡಿದೆ. ಹಿಂಡು ಆಗಲೇ ರಸ್ತೆ ಹತ್ತಿತ್ತು. ಅಜ್ಜ ಒಬ್ಬನೇ ಹೆಗಲಿಗೆ ಗೋಣಿಚೀಲ ಹೊದ್ದು, ನಮ್ಮ ಗದ್ದೆಯ ಬದುಗಳಲ್ಲಿ ಬಗ್ಗಿ ಬಗ್ಗಿ ಹುಡುಕುತ್ತಿದ್ದ.